ರಾಗಿಯ ಪೈರಿನ ಬಂಧುಬಳಗ

ಕನಕಪುರದಿಂದ ದಕ್ಷಿಣಕ್ಕೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕಡೆಗೆ ಸಾಗುವ ದಾರಿಯಲ್ಲಿ ದೊಡ್ಡಆಲಹಳ್ಳಿ ಎಂಬ ಊರಿದೆ. ಸುತ್ತಲೂ ಕಲ್ಲುಗುಡ್ಡಗಳು, ಕುರುಚಲು ಕಾಡು, ನಡುನಡುವೆ ಕೆಂಪು ಮಣ್ಣಿನ ಹೊಲಗಳು. ನೀರಿನ ಅನುಕೂಲವಿರುವಲ್ಲಿ ಹಿಪ್ಪುನೇರಳೆ ಮತ್ತು ತೆಂಗು. ಮಳೆಯನ್ನೇ ನೆಚ್ಚಿದ ಹೊಲಗಳಲ್ಲಿ ರಾಗಿ. ಆಶ್ಲೇಷ, ಮಖೆ ಮಳೆಗಳು ಹದವಾಗಿ ಬಿದ್ದ ವರ್ಷ ಇಲ್ಲಿಯ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ರಾಗಿಯ ಪೈರು ಹಸಿರು ಹಚ್ಚಡದಂತೆ ಕಾಣುತ್ತದೆ. ಆದರೆ ಈ ಹಚ್ಚಡ ದೂರಕ್ಕೆ ಮಾತ್ರ ಸಮತಟ್ಟು. ಹತ್ತಿರ ಹೋಗಿ ನೋಡಿದವರಿಗೆ ಅದರ ಏರುಪೇರುಗಳು ತಿಳಿಯುತ್ತವೆ. ಬೇಸಿಗೆಯಲ್ಲಿ ಗೊಬ್ಬರದ ಗುಡ್ಡೆ ಹಾಕಿದ್ದ ಜಾಗದಲ್ಲಿ ಪೈರು ಮೊಣಕಾಲಿಗಿಂತ ಎತ್ತರ ಬೆಳೆದು ಕಪ್ಪು ಹಸಿರಾಗಿದೆ. ಹಾಸುಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಅದೇ ದಿನ, ಅದೇ ಕೈಯಿಂದ ಬಿತ್ತಿದ ರಾಗಿ ಗೇಣುದ್ದ ನಿಂತಿದೆ. ಪಕ್ಕದ ಹೊಲದವರು ಬೇರೆ ಬೀಜ ಬಿತ್ತಿದ್ದಾರೆ. ಅಲ್ಲಿ ಗರಿಯ ಬಣ್ಣವೇ ಬೇರೆ, ತೆಂಡೆಗಳ ಸಂಖ್ಯೆಯೇ ಬೇರೆ.

ಈ ವ್ಯತ್ಯಾಸಗಳಿಗೆ ಕಾರಣವೇನು? ಬೀಜದ ಗುಣ ಎನ್ನುವವರುಂಟು. ಮಣ್ಣಿನ ಸತ್ವ ಎನ್ನುವವರುಂಟು. ಬಿತ್ತಿದವನ ಕೈಗುಣ ಎಂದು ನಗುತ್ತ ಹೇಳುವವರೂ ಉಂಟು. ಕೈಗುಣದ ಮಾತು ಹಾಗಿರಲಿ. ಉಳಿದ ಎರಡೂ ನಿಜ. ಆದರೆ ಅವೆರಡೇ ಪೂರ್ಣ ಸತ್ಯವಲ್ಲ. ಬೀಜದೊಳಗೆ ಬಂದ ವಂಶವಾಹಿಗಳು, ಹೊರಗಿನ ನೆಲ ನೀರು ಬಿಸಿಲುಗಳು, ಇವೆರಡರ ನಡುವೆ ಕಣ್ಣಿಗೆ ಕಾಣದೆ ಬದುಕುವ ಸೂಕ್ಷ್ಮಜೀವಿಗಳು, ಈ ಮೂರೂ ಕೂಡಿ ಗಿಡವನ್ನು ರೂಪಿಸುತ್ತವೆ. ಒಂದರ ಕೆಲಸ ಎಲ್ಲಿ ಮುಗಿಯಿತು, ಮತ್ತೊಂದರದು ಎಲ್ಲಿ ತೊಡಗಿತು ಎಂದು ಗೆರೆ ಎಳೆಯುವುದು ಕಷ್ಟ. ಆದರೂ ಒಂದೊಂದನ್ನೇ ಬಿಡಿಸಿ ನೋಡಿದರೆ ಅವುಗಳ ಸಂಬಂಧ ತಿಳಿಯಾಗುತ್ತದೆ.

ಮೊದಲು ಬೀಜವನ್ನು ನೋಡೋಣ. ರಾಗಿಯ ಕಾಳು ತೀರ ಸಣ್ಣದು. ಸಾವಿರ ಕಾಳುಗಳನ್ನು ಒಟ್ಟಿಗೆ ತೂಗಿದರೂ ಸುಮಾರು 3 ಗ್ರಾಮಿಗಿಂತ ಹೆಚ್ಚು ಬರುವುದಿಲ್ಲ. ಅಷ್ಟು ಸಣ್ಣ ಕಾಳಿನೊಳಗಿನ ಮೊಳಕೆಯ ಜೀವಕೋಶಗಳಲ್ಲಿ 36 ವರ್ಣತಂತುಗಳಿವೆ. ಈ ವರ್ಣತಂತುಗಳಲ್ಲಿ ವಂಶವಾಹಿಗಳು, ಎಂದರೆ ಜೀನುಗಳು, ಸಾಲಾಗಿ ಅಡಗಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ತಂಡವು ಎಂ.ಎಲ್.-365 ಎಂಬ ರಾಗಿ ತಳಿಯ ವಂಶವಾಹಿಗಳ ಒಟ್ಟು ಬರಹವನ್ನು ಓದಿ 2017ರಲ್ಲಿ ಪ್ರಕಟಿಸಿತು. ಅವರ ಎಣಿಕೆಯಂತೆ ರಾಗಿಯಲ್ಲಿ ಸುಮಾರು 85,000 ಜೀನುಗಳಿವೆ. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 20,000 ಮಾತ್ರ ಎಂಬುದನ್ನು ನೆನೆದರೆ, ಮುದ್ದೆಯನ್ನು ಉಣ್ಣುವವನಿಗಿಂತ ಮುದ್ದೆಯಾಗುವ ಕಾಳಿನ ಪುಸ್ತಕವೇ ದೊಡ್ಡದು ಎನ್ನಬೇಕಾಗುತ್ತದೆ! ಇದಕ್ಕೆ ಕಾರಣವುಂಟು. ರಾಗಿಯು ಎರಡು ಬೇರೆ ಬೇರೆ ಕಾಡುಹುಲ್ಲುಗಳ ವರ್ಣತಂತುಗಳು ಒಂದೇ ಗಿಡದಲ್ಲಿ ಕೂಡಿಕೊಂಡದ್ದರಿಂದ ಹುಟ್ಟಿದ ಸಸ್ಯ. ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲಿ ಅದನ್ನು ಮನುಷ್ಯನು ಸುಮಾರು 5,000 ವರ್ಷಗಳ ಹಿಂದೆ ಬೆಳೆಯಾಗಿ ಪಳಗಿಸಿದನು. ಅಲ್ಲಿಂದ ಅದು ಭಾರತಕ್ಕೆ ಬಂದು, ಕನ್ನಡ ನಾಡಿನ ಕೆಂಪು ನೆಲಕ್ಕೆ ಒಗ್ಗಿ, ಇಲ್ಲಿಯದೇ ಆಗಿಹೋಯಿತು.

ಹೀಗೆ ಒಗ್ಗುವ ದಾರಿಯಲ್ಲಿ ಊರೂರಿಗೆ ಬೇರೆ ಬೇರೆ ತಳಿಗಳು ಬೆಳೆದುಬಂದವು. ಉದುರುಮಲ್ಲಿಗೆ, ಉಂಡೆ ರಾಗಿ, ಗಿಡ್ಡ ರಾಗಿ, ಎಡಗು ರಾಗಿ ಎಂಬ ಹೆಸರುಗಳನ್ನು ಹಿರಿಯ ರೈತರು ಈಗಲೂ ನೆನೆಯುತ್ತಾರೆ. ತೆನೆಯ ಬೆರಳುಗಳು ಒಳಕ್ಕೆ ಬಾಗಿ ಮುಷ್ಟಿಯಂತೆ ಆಗಬೇಕೇ, ಹರಡಿದ ಹಸ್ತದಂತೆ ತೆರೆದಿರಬೇಕೇ, ಗಿಣ್ಣಿನಲ್ಲಿ ನೇರಳೆ ಬಣ್ಣ ಮೂಡಬೇಕೇ, ಕಾಳು ಕಂದಾಗಬೇಕೇ ಬಿಳಿಯಾಗಬೇಕೇ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ವಂಶವಾಹಿಗಳು. ಇಂಥ ಗುಣಗಳು ಹೊಲ ಬದಲಾದರೂ ಅಷ್ಟಾಗಿ ಬದಲಾಗುವುದಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ತಳಿಗಳನ್ನು ಶಾಸ್ತ್ರೀಯವಾಗಿ ಆರಿಸುವ ಕೆಲಸವು 1913ರಲ್ಲಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಮೊದಲಾಯಿತು. ಕೆನಡಾ ದೇಶದಿಂದ ಬಂದು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದ ಕೋಲ್ಮನ್ನರು ರಾಗಿಯನ್ನು ಬಡವರ ಧಾನ್ಯವೆಂದು ಬದಿಗೆ ತಳ್ಳಲಿಲ್ಲ. 1918ರಲ್ಲಿ ಎಚ್-22 ಎಂಬ ಸುಧಾರಿತ ತಳಿ ಹೊರಬಂದಿತು. ಆದರೆ ಅದು ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿಕೊಂಡ ಕೆಲಸ. ಎರಡು ತಳಿಗಳನ್ನು ಕೂಡಿಸಿ ಹೊಸದನ್ನು ಪಡೆಯುವುದು ರಾಗಿಯಲ್ಲಿ ಬಹಳ ಕಷ್ಟವೆಂದು ಎಲ್ಲರೂ ತಿಳಿದಿದ್ದರು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಅದು ನಸುಕಿಗೆ ಮುಂಚೆ, ಕತ್ತಲಿರುವಾಗಲೇ ಅರಳುತ್ತದೆ. ಅರಳುವಷ್ಟರಲ್ಲಿ ತನ್ನ ಪರಾಗವನ್ನೇ ತಾನು ಪಡೆದು ಕಾಳು ಕಟ್ಟಲು ತೊಡಗಿರುತ್ತದೆ. ಇನ್ನೊಂದು ಗಿಡದ ಪರಾಗವು ಒಳಹೊಕ್ಕಲು ಅವಕಾಶವೇ ಅಪರೂಪ.

ಈ ಕಷ್ಟವನ್ನು ಗೆದ್ದವರು ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ದುಡಿದ ಲಕ್ಷ್ಮಣಯ್ಯನವರು. ಜನರು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ರಾಗಿಯಲ್ಲಿ ಸಂಕರಣ ಮಾಡುವ ಉಪಾಯ ಸರಳವಾದುದು, ಆದರೆ ಅಪಾರ ತಾಳ್ಮೆಯನ್ನು ಬೇಡುವಂಥದು. ಹಸಿರು ಗಿಣ್ಣಿನ ಗಿಡದ ತೆನೆಯನ್ನೂ ನೇರಳೆ ಛಾಯೆಯ ಗಿಡದ ತೆನೆಯನ್ನೂ ಹೂ ಅರಳುವ ಮುನ್ನ ಒಂದಕ್ಕೊಂದು ತಾಗುವಂತೆ ಕಟ್ಟಿಬಿಡುತ್ತಾರೆ. ಹಸಿರು ಗಿಡದ ತೆನೆಯಲ್ಲಿ ಬಲಿತ ಕಾಳುಗಳನ್ನು ಮತ್ತೆ ಬಿತ್ತಿ, ಸಸಿಗಳಲ್ಲಿ ನೇರಳೆ ಛಾಯೆ ಮೂಡಿದವನ್ನು ಹುಡುಕುತ್ತಾರೆ. ತಾಯಿಯಲ್ಲಿಲ್ಲದ ಬಣ್ಣ ಮಗಳಲ್ಲಿ ಕಂಡರೆ ಅದು ತಂದೆಯಿಂದ ಬಂದುದೇ ಸರಿ. ಸಾವಿರಾರು ಸಸಿಗಳ ನಡುವೆ ಅಂಥವು ಕೆಲವೇ. ಈ ಬಗೆಯ ಶ್ರಮದಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಮೊದಲಾದ ತಳಿಗಳು ಬಂದವು. ಆಮೇಲೆ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿ ತಳಿಗಳ ಕಡೆಗೆ ಕಣ್ಣುಹಾಯಿಸಿದರು. ಸಾವಿರಾರು ವರ್ಷ ಅಗಲಿದ್ದ ಎರಡು ನೆಂಟರನ್ನು ಮತ್ತೆ ಕೂಡಿಸಿದಂತೆ ಅವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಬೆರೆಸಿದರು. ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳನ್ನೂ ಕೂಡಿಸಿ ಈ ಸಂತತಿಗೆ ‘ಇಂಡಾಫ್’ ಎಂದು ಹೆಸರಾಯಿತು. 1970ರ ದಶಕದಲ್ಲಿ ಇಂಡಾಫ್ ತಳಿಗಳು ಹೊಲಗಳಿಗೆ ಬಂದ ಮೇಲೆ ಕರ್ನಾಟಕದ ರಾಗಿಯ ಇಳುವರಿಯ ಲೆಕ್ಕವೇ ಬದಲಾಯಿತು.

ಇಷ್ಟನ್ನು ಓದಿದವರು, ಒಳ್ಳೆಯ ಬೀಜವೊಂದು ಸಿಕ್ಕಿದರೆ ಎಲ್ಲವೂ ಆಯಿತು ಎಂದುಕೊಳ್ಳಬಹುದು. ಆದರೆ ದೊಡ್ಡಆಲಹಳ್ಳಿಯ ಹೊಲದಲ್ಲಿ ಗೊಬ್ಬರದ ಗುಡ್ಡೆಯಿದ್ದ ಜಾಗದ ಪೈರನ್ನು ಮರೆಯುವಂತಿಲ್ಲ. ಆ ಜಾಗದ ರಾಗಿಗೂ ಹಾಸುಬಂಡೆಯ ಮೇಲಿನ ರಾಗಿಗೂ ಬೀಜ ಒಂದೇ. ಹಾಗಾದರೆ ರೈತನು ಮುಂದಿನ ವರ್ಷದ ಬಿತ್ತನೆಗೆಂದು ಗುಡ್ಡೆಯ ಜಾಗದ ದಪ್ಪ ತೆನೆಗಳನ್ನೇ ಆರಿಸಿ ಇಟ್ಟುಕೊಂಡರೆ ಬೆಳೆ ಉತ್ತಮವಾಗುವುದೇ?

ಈ ಪ್ರಶ್ನೆಯನ್ನು ಡೆನ್ಮಾರ್ಕ್ ದೇಶದ ವಿಲ್ಹೆಲ್ಮ್ ಜೊಹಾನ್ಸೆನ್ ಎಂಬ ಸಸ್ಯವಿಜ್ಞಾನಿ ಹುರುಳಿಕಾಯಿಯ ಬೀಜಗಳ ಮೇಲೆ ಪ್ರಯೋಗ ಮಾಡಿ ಬಿಡಿಸಿದನು. ಹುರುಳಿಕಾಯಿಯ ಗಿಡವೂ ರಾಗಿಯಂತೆ ತನ್ನ ಪರಾಗವನ್ನೇ ತಾನು ಪಡೆಯುವಂಥದು. ಒಂದೇ ಗಿಡದ ಸಂತತಿಯಿಂದ ದೊಡ್ಡ ಬೀಜಗಳನ್ನೂ ಸಣ್ಣ ಬೀಜಗಳನ್ನೂ ಬೇರೆ ಬೇರೆ ಆರಿಸಿ ಅವನು ಬಿತ್ತಿದನು. ಬಂದ ಬೆಳೆಯಲ್ಲಿ ದೊಡ್ಡ ಬೀಜದ ಮಕ್ಕಳಿಗೂ ಸಣ್ಣ ಬೀಜದ ಮಕ್ಕಳಿಗೂ ಸರಾಸರಿ ತೂಕದಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಬೀಜವು ದೊಡ್ಡದಾದದ್ದು ಅದಕ್ಕೆ ಸಿಕ್ಕಿದ ಆಹಾರದಿಂದ, ಬಿಸಿಲಿನಿಂದ. ಆ ದೊಡ್ಡತನವು ವಂಶಕ್ಕೆ ಇಳಿಯುವಂಥದಲ್ಲ. 1903ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದ ಜೊಹಾನ್ಸೆನ್ನನು 1909ರಲ್ಲಿ ‘ಜೀನ್’ ಎಂಬ ಮಾತನ್ನು ಬಳಕೆಗೆ ತಂದನು. ಗಿಡದೊಳಗಿನ ವಂಶಗುಣ ಬೇರೆ, ಕಣ್ಣಿಗೆ ಕಾಣುವ ರೂಪ ಬೇರೆ ಎಂದು ಎರಡನ್ನೂ ಬೇರ್ಪಡಿಸಿ ಹೆಸರಿಟ್ಟವನೂ ಅವನೇ. ಆದುದರಿಂದ ಗುಡ್ಡೆಯ ಜಾಗದ ತೆನೆಯನ್ನು ಆರಿಸಿಟ್ಟುಕೊಂಡ ರೈತನು ಗೊಬ್ಬರವನ್ನು ಆರಿಸಿಕೊಂಡನೇ ಹೊರತು ತಳಿಯನ್ನು ಆರಿಸಿಕೊಳ್ಳಲಿಲ್ಲ. ಬೀಜಕ್ಕೆಂದು ತೆನೆ ಆರಿಸುವ ಜಾಣ ರೈತರು ಹೊಲದ ಅಂಚನ್ನೂ ಗುಡ್ಡೆಯ ಜಾಗವನ್ನೂ ಬಿಟ್ಟು, ಎಲ್ಲ ಗಿಡಗಳಿಗೂ ಒಂದೇ ಪಾಲು ಸಿಕ್ಕಿರುವ ನಡುಹೊಲದಲ್ಲಿ, ಸುತ್ತಲಿನವಕ್ಕಿಂತ ಮೇಲಾಗಿ ನಿಂತ ಗಿಡವನ್ನು ಹುಡುಕುತ್ತಾರೆ. ಜೊಹಾನ್ಸೆನ್ನನ ಹೆಸರು ಕೇಳದಿದ್ದರೂ ಅವನ ಪಾಠ ಅವರಿಗೆ ಗೊತ್ತು.

ಇದೇ ಸಂಗತಿಯನ್ನು ಹಿಪ್ಪುನೇರಳೆಯ ತೋಟ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಹಿಪ್ಪುನೇರಳೆಯನ್ನು ಬೀಜದಿಂದ ಬೆಳೆಯುವುದು ಕಡಿಮೆ; ಕಡ್ಡಿ ನೆಟ್ಟು ಬೆಳೆಯುವುದೇ ವಾಡಿಕೆ. ಚನ್ನಪಟ್ಟಣದ ಬಳಿಯ ಕಣ್ವದ ಸರ್ಕಾರಿ ರೇಷ್ಮೆ ಕ್ಷೇತ್ರದಲ್ಲಿ ಆರಿಸಿದ ಕಣ್ವ-2 ಎಂಬ ತಳಿಯು ಒಂದು ಕಾಲಕ್ಕೆ ಈ ಸೀಮೆಯ ತೋಟಗಳನ್ನೆಲ್ಲ ತುಂಬಿತ್ತು. ಆಮೇಲೆ 1997ರಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ವಿ-1 ಬಂದಿತು. ಕಡ್ಡಿಯಿಂದ ಬಂದ ಗಿಡಗಳೆಲ್ಲ ವಂಶವಾಹಿಗಳ ಮಟ್ಟಿಗೆ ಒಂದೇ ಗಿಡದ ತುಂಡುಗಳು. ಆದರೂ ಒಂದು ತೋಟದ ಎಲೆ ಅಂಗೈಯಗಲವಾಗಿ, ಮೃದುವಾಗಿ ಇದ್ದರೆ ಇನ್ನೊಂದು ತೋಟದ ಎಲೆ ಚಿಕ್ಕದಾಗಿ, ಒರಟಾಗಿ ಇರುತ್ತದೆ. ಹುಳು ಮೇಯಿಸುವವರಿಗೆ ಈ ಅಂತರದ ಬೆಲೆ ಗೂಡಿನ ಮಾರುಕಟ್ಟೆಯಲ್ಲಿ ತಿಳಿಯುತ್ತದೆ. ಇಲ್ಲಿ ವಂಶವಾಹಿಯನ್ನು ಹೊಣೆ ಮಾಡುವಂತಿಲ್ಲ. ನೀರು, ಮಣ್ಣು ಮತ್ತು ಮಣ್ಣಿನ ಜೀವಿಗಳೇ ಕಾರಣ.

ಪರಿಸರವು ಗಿಡವನ್ನು ಕೇವಲ ದೊಡ್ಡದು ಚಿಕ್ಕದು ಮಾಡುವುದಿಲ್ಲ. ಅದರ ಬದುಕಿನ ಗಡಿಯಾರವನ್ನೂ ತಿರುಗಿಸುತ್ತದೆ. ರಾಗಿಯು ಹಗಲು ಮೊಟಕಾದಂತೆ ತೆನೆ ಬಿಡಲು ಅವಸರಪಡುವ ಸಸ್ಯ. ಅದರ ಗರಿಗಳು ಹಗಲಿನ ಉದ್ದವನ್ನು ಅಳೆಯುತ್ತವೆ. ಆದುದರಿಂದ ದೀರ್ಘಾವಧಿಯ ತಳಿಯನ್ನು ತಡವಾಗಿ ಬಿತ್ತಿದರೆ, ಅದು ಸಾಕಷ್ಟು ತೆಂಡೆಯೊಡೆಯುವ ಮೊದಲೇ ತೆನೆಗೆ ಬಂದು ಇಳುವರಿ ಕುಗ್ಗುತ್ತದೆ. ಮುಂಗಾರು ಹಿಂದೆಬಿದ್ದ ವರ್ಷ ರೈತರು ನಾಲ್ಕು ತಿಂಗಳ ರಾಗಿಯನ್ನು ಬಿಟ್ಟು, ಇಂಡಾಫ್-9 ರಂತಹ ಬೇಗ ಕೊಯ್ಲಿಗೆ ಬರುವ ತಳಿಯನ್ನು ಹುಡುಕುವುದಕ್ಕೆ ಇದೇ ಕಾರಣ. ಪೈರು ಎಳೆಯದಾಗಿರುವಾಗ ಅದರ ಮೇಲೆ ಹಲುಬೆ ಹೊಡೆಯುವ ಪದ್ಧತಿಯೂ ಹೀಗೆಯೇ. ತಿಳಿಯದವರಿಗೆ ಅದು ಪೈರನ್ನು ಹಾಳುಮಾಡಿದಂತೆ ಕಾಣುತ್ತದೆ. ಆದರೆ ನಡುಸುಳಿಗೆ ಪೆಟ್ಟು ಬಿದ್ದಾಗ, ಅಲ್ಲಿಯವರೆಗೆ ಬುಡದಲ್ಲಿ ನಿದ್ರಿಸುತ್ತಿದ್ದ ಮೊಗ್ಗುಗಳು ಎಚ್ಚೆತ್ತು ಹೊಸ ತೆಂಡೆಗಳಾಗುತ್ತವೆ. ದಟ್ಟವಾಗಿದ್ದ ಸಸಿಗಳೂ ವಿರಳವಾಗುತ್ತವೆ. ತೆಂಡೆಯೊಡೆಯುವ ಶಕ್ತಿ ವಂಶವಾಹಿಯಲ್ಲಿದೆ. ಆ ಶಕ್ತಿಯನ್ನು ಹೊರಗೆ ಕರೆಯುವುದು ಹಲುಬೆ.

ಇನ್ನು ಮೂರನೆಯ ಬಂಧುವಿನ ಮಾತು. ಇದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿರುತ್ತವೆ. ಅವುಗಳ ನಡುವೆ ಶಿಲೀಂಧ್ರಗಳ ಎಳೆಗಳು ಹರಡಿರುತ್ತವೆ. ಇವುಗಳಲ್ಲಿ ಕೆಲವು ಶತ್ರುಗಳು. ರಾಗಿಯ ಬೆಂಕಿ ರೋಗಕ್ಕೆ ಕಾರಣವಾದ ಶಿಲೀಂಧ್ರವು ಗರಿಗಳ ಮೇಲೆ ಕದಿರಿನಾಕಾರದ ಮಚ್ಚೆಗಳನ್ನು ಮೂಡಿಸಿ, ತೆನೆಯ ಕುತ್ತಿಗೆಯನ್ನು ಕಪ್ಪಾಗಿಸಿ, ಕಾಳನ್ನು ಜೊಳ್ಳು ಮಾಡುತ್ತದೆ. ಉದುರುಮಲ್ಲಿಗೆಯಂಥ ಹಳೆಯ ತಳಿಗೆ ಈ ರೋಗ ಬಹು ಬೇಗ ತಗಲುತ್ತದೆ. ಹೆಚ್ಚು ಇಳುವರಿ ಕೊಡುವ ಇಂಡಾಫ್ ತಳಿಗಳಲ್ಲಿಯೂ ಕೆಲವು ಇದಕ್ಕೆ ಬಲಿಯಾದವು. ಮೋಡ ಕವಿದು, ಹನಿಮಳೆ ಹಿಡಿದು, ಗರಿಗಳು ಒದ್ದೆಯಾಗಿಯೇ ಉಳಿದ ದಿನಗಳಲ್ಲಿ ರೋಗ ಉಲ್ಬಣಿಸುತ್ತದೆ. ಸಾರಜನಕದ ಗೊಬ್ಬರ ಮಿತಿಮೀರಿದರೆ ಇನ್ನೂ ಹೆಚ್ಚು. ಶಿಲೀಂಧ್ರ, ಗಿಡದ ತಳಿ, ಹವೆ, ಈ ಮೂರೂ ಒಟ್ಟಿಗೆ ಅನುಕೂಲವಾದಾಗಲೇ ರೋಗ. ಒಂದು ತಪ್ಪಿದರೂ ಅದು ನಿಲ್ಲುತ್ತದೆ. ವಿಜ್ಞಾನಿಗಳು ತಳಿಯ ಕೊಂಡಿಯನ್ನು ಕಳಚಲು ಯತ್ನಿಸಿದರು. ಎರಡು ಇಂಡಾಫ್ ತಳಿಗಳ ಜೊತೆಗೆ ಆಫ್ರಿಕ ಮೂಲದ, ರೋಗ ತಡೆಯುವ ಇನ್ನೊಂದು ತಳಿಯನ್ನು ಬೆರೆಸಿ ಜಿ.ಪಿ.ಯು.-28 ಅನ್ನು ಪಡೆದರು. 1990ರ ದಶಕದ ಕೊನೆಯ ಭಾಗದಲ್ಲಿ ಅದು ಹೊಲಗಳಿಗೆ ಬಂದು ರೈತರ ವಿಶ್ವಾಸ ಗಳಿಸಿತು.

ಆದರೆ ಸೂಕ್ಷ್ಮಜೀವಿಗಳೆಂದರೆ ರೋಗವೆಂದೇ ಭಾವಿಸುವುದು ದೊಡ್ಡ ಅನ್ಯಾಯ. ಕೆಂಪು ಮಣ್ಣಿನಲ್ಲಿ ರಂಜಕವಿದ್ದರೂ ಅದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳಿಗೆ ಅಂಟಿಕೊಂಡು ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಮನೆಯಲ್ಲಿ ಧಾನ್ಯವಿದ್ದರೂ ಕಣಜಕ್ಕೆ ಬೀಗ ಬಿದ್ದಂತೆ. ಆಗ ಬೇರಿನ ನೆರವಿಗೆ ಬರುವುದು ಮೈಕೊರೈಜ ಎಂಬ ಶಿಲೀಂಧ್ರ. ಜರ್ಮನಿಯ ಫ್ರಾಂಕ್ ಎಂಬವನು 1885ರಲ್ಲಿ ಇಟ್ಟ ಈ ಹೆಸರಿಗೆ ‘ಶಿಲೀಂಧ್ರ ಬೇರು’ ಎಂದೇ ಅರ್ಥ. ರಾಗಿಯ ಬೇರನ್ನು ಹೊಗುವ ಬಗೆಯ ಮೈಕೊರೈಜವು ಬೇರಿನ ಜೀವಕೋಶಗಳೊಳಗೆ ಪುಟ್ಟ ಗಿಡಗಳಂತೆ ಕವಲೊಡೆಯುತ್ತದೆ; ಹೊರಗೆ, ಬೇರು ತಲಪಲಾರದ ದೂರಕ್ಕೆ, ಕೂದಲಿಗಿಂತ ತೆಳುವಾದ ಎಳೆಗಳನ್ನು ಹರಡುತ್ತದೆ. ಆ ಎಳೆಗಳು ರಂಜಕವನ್ನೂ ಸತುವನ್ನೂ ಹೊತ್ತು ತರುತ್ತವೆ. ಪ್ರತಿಯಾಗಿ ಗಿಡವು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಕೊಡುತ್ತದೆ. ಈ ಕೊಡುಕೊಳ್ಳುವಿಕೆ ಸುಮಾರು 40 ಕೋಟಿ ವರ್ಷಗಳ ಹಿಂದಿನ ಸಸ್ಯಗಳ ಪಳೆಯುಳಿಕೆಗಳಲ್ಲಿಯೇ ಕಾಣಸಿಗುತ್ತದೆ.

ಗಿಡವು ಈ ನೆಂಟನನ್ನು ಕರೆಯುವ ಬಗೆ ಇನ್ನೂ ವಿಚಿತ್ರವಾದುದು. ರಂಜಕದ ಕೊರತೆಯಾದಾಗ ಅದರ ಬೇರು ಸ್ಟ್ರೈಗೊಲ್ಯಾಕ್ಟೋನ್ ಎಂಬ ವಸ್ತುವನ್ನು ಮಣ್ಣಿಗೆ ಒಸರಿಸುತ್ತದೆ. ಅದನ್ನು ಗ್ರಹಿಸಿದ ಶಿಲೀಂಧ್ರದ ಎಳೆಗಳು ಕವಲೊಡೆದು ಬೇರಿನತ್ತ ಸಾಗುತ್ತವೆ. ಅದೇ ವಸ್ತುವು ಗಿಡದೊಳಗೆ ತೆಂಡೆಯ ಮೊಗ್ಗುಗಳಿಗೆ ‘ಸದ್ಯಕ್ಕೆ ಏಳಬೇಡಿ’ ಎಂದು ತಡೆಯೊಡ್ಡುತ್ತದೆ. ಇದನ್ನು ಭತ್ತದಲ್ಲಿ ಚೆನ್ನಾಗಿ ಪರೀಕ್ಷಿಸಿ ನೋಡಲಾಗಿದೆ. ಬಡತನ ಬಂದಾಗ ಮನೆಯ ಖರ್ಚನ್ನು ಬಿಗಿಹಿಡಿದು, ಅದೇ ಹೊತ್ತಿಗೆ ನೆಂಟರಿಗೆ ಹೇಳಿಕಳುಹಿಸುವ ಯಜಮಾನನಂತೆ ಗಿಡ ನಡೆದುಕೊಳ್ಳುತ್ತದೆ. ಈ ವಸ್ತುವನ್ನು ತಯಾರಿಸುವುದು ವಂಶವಾಹಿ, ತಯಾರಿಸುವಂತೆ ಒತ್ತಾಯಿಸುವುದು ಮಣ್ಣು, ಕರೆಗೆ ಓಗೊಡುವುದು ಸೂಕ್ಷ್ಮಜೀವಿ. ಮೂರನ್ನೂ ಒಂದೇ ಎಳೆಯಲ್ಲಿ ಹೆಣೆದ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಬಾಗ್ಯರಾಜ್ ಮತ್ತು ಅವರ ಸಂಗಡಿಗರು ಹಲವು ದಶಕಗಳ ಕಾಲ ಮೈಕೊರೈಜಗಳನ್ನು ಅಭ್ಯಾಸ ಮಾಡಿದರು. ರಾಗಿಗೆ ಹೆಚ್ಚು ನೆರವಾಗುವ ಶಿಲೀಂಧ್ರ ಯಾವುದು ಎಂಬುದನ್ನು ಆರಿಸುವ ಅವರ ಪ್ರಯೋಗವು 1983ರಷ್ಟು ಹಿಂದೆಯೇ ಪ್ರಕಟವಾಯಿತು. ಇಂಥ ಪ್ರಯೋಗಗಳಿಂದ ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಎಲ್ಲ ಶಿಲೀಂಧ್ರಗಳೂ ಒಂದೇ ಸಮನಾಗಿ ಉಪಕರಿಸುವುದಿಲ್ಲ; ಎಲ್ಲ ರಾಗಿ ತಳಿಗಳೂ ಆ ಉಪಕಾರವನ್ನು ಒಂದೇ ಸಮನಾಗಿ ಪಡೆಯುವುದೂ ಇಲ್ಲ. ನೆಂಟಸ್ತನ ಕುದುರುವುದಕ್ಕೂ ವಂಶ ಹೊಂದಬೇಕು.

ರಾಗಿಯ ಬೇರಿನೊಳಗೆ ವಾಸಿಸುವ ಬ್ಯಾಕ್ಟೀರಿಯವೊಂದರ ಕಥೆ ಇದಕ್ಕಿಂತ ರೋಚಕವಾದುದು. ಕೆನಡಾದ ಗೆಲ್ಫ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರಾಗಿಯ ಬೇರಿನಿಂದ ಎಂ-6 ಎಂಬ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ, ಅದರ ವರ್ತನೆಯನ್ನು 2016ರಲ್ಲಿ ವರದಿ ಮಾಡಿದರು. ಫ್ಯೂಸೇರಿಯಂ ಎಂಬ ಹಾನಿಕರ ಶಿಲೀಂಧ್ರವು ಬೇರಿನ ಹತ್ತಿರ ಸುಳಿದೊಡನೆ ಈ ಬ್ಯಾಕ್ಟೀರಿಯಗಳು ಬೇರಿನ ಒಳಗಿನಿಂದ ಹೊರಕ್ಕೆ ಮುತ್ತುತ್ತವೆ. ಅವುಗಳ ಪ್ರಭಾವದಿಂದ ಬೇರುಗೂದಲುಗಳು ಹೆಚ್ಚು ಹೆಚ್ಚಾಗಿ ಹುಟ್ಟಿ, ನೆಟ್ಟಗೆ ನಿಲ್ಲದೆ ಬೇರಿನ ಉದ್ದಕ್ಕೆ ಬಾಗಿ ಮಲಗುತ್ತವೆ. ಬೇರುಗೂದಲಿನ ಪದರ, ಬ್ಯಾಕ್ಟೀರಿಯದ ಪದರ, ಮತ್ತೆ ಬೇರುಗೂದಲಿನ ಪದರ ಹೀಗೆ ಒಂದರ ಮೇಲೊಂದು ಕೂಡಿ ಮುಳ್ಳುಬೇಲಿಯಂತಾಗುತ್ತದೆ. ಶತ್ರುವಿನ ಎಳೆಗಳು ಅದರಲ್ಲಿ ಸಿಕ್ಕಿಬಿದ್ದು ಸಾಯುತ್ತವೆ. ಗಿಡದ ಅಂಗವೊಂದರ ಆಕಾರವನ್ನೇ ಸೂಕ್ಷ್ಮಜೀವಿಯು ತಿದ್ದಬಲ್ಲುದು ಎಂಬುದಕ್ಕೆ ಇದು ನೇರವಾದ ಸಾಕ್ಷಿ. ಸಾವಿರಾರು ವರ್ಷ ಕೀಟನಾಶಕ, ಶಿಲೀಂಧ್ರನಾಶಕಗಳ ಹೆಸರೇ ಇಲ್ಲದ ಹೊಲಗಳಲ್ಲಿ ರಾಗಿ ಹೇಗೆ ಬದುಕಿ ಉಳಿಯಿತೆಂಬ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಇದೂ ಒಂದು.

ಈಗ ಮತ್ತೆ ಕನಕಪುರದ ಸೀಮೆಯ ಹೊಲಕ್ಕೆ ಬರಬಹುದು. ಇಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ಪದ್ಧತಿ ಹಿಂದೆ ಕಡಿಮೆಯಿತ್ತು. ಕೂರಿಗೆಯಿಂದ ಕೆಲವು ಸಾಲು ರಾಗಿ ಬಿತ್ತಿದರೆ, ನಡುವೆ ಸಡ್ಡೆಯಿಂದ ಒಂದು ಸಾಲು ಅವರೆಯೋ ತೊಗರಿಯೋ ಬೀಳಬೇಕು. ಅದನ್ನೇ ಅಕ್ಕಡಿ ಸಾಲು ಎನ್ನುತ್ತಾರೆ. ಅಲ್ಲಲ್ಲಿ ಸಾಸಿವೆ, ಹುಚ್ಚೆಳ್ಳೂ ಸೇರುತ್ತಿದ್ದವು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಕೂರಿಗೆ ಬಿತ್ತನೆಯನ್ನೂ ರಾಗಿಯ ನಡುವಣ ಅವರೆ ತೊಗರಿಗಳ ಸಾಲುಗಳನ್ನೂ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಗ್ರಂಥವು 1807ರಲ್ಲಿ ಅಚ್ಚಾಯಿತು. ರಾಗಿ ಕೈಕೊಟ್ಟರೆ ಅಕ್ಕಡಿಯಾದರೂ ಕೈಹಿಡಿಯಲಿ, ಮುದ್ದೆಗೆ ಸಾರಿನ ಕಾಳು ಮನೆಯಲ್ಲೇ ಆಗಲಿ ಎಂಬುದು ರೈತನ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇದೆ. ಆದರೆ ನೆಲದ ಕೆಳಗೆ ಇನ್ನೊಂದು ಲೆಕ್ಕವೂ ನಡೆಯುತ್ತಿದೆ.

ತೊಗರಿ, ಅವರೆಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ ಎಂಬುದು ಹೆಲ್‌ರೀಗೆಲ್ ಎಂಬ ಜರ್ಮನ್ ವಿಜ್ಞಾನಿಯು 1886ರಲ್ಲಿ ತಿಳಿಸಿದಂದಿನಿಂದ ಲೋಕಕ್ಕೆ ಗೊತ್ತಿದೆ. ಈಚಿನ ವರ್ಷಗಳಲ್ಲಿ ಇನ್ನೂ ಒಂದು ಸಂಗತಿ ಬೆಳಕಿಗೆ ಬಂದಿದೆ. ತೊಗರಿಯ ಬೇರು ಆಳಕ್ಕೆ ಇಳಿಯುವಂಥದು. ರಾಗಿಯ ಬೇರು ಹೆಚ್ಚಾಗಿ ಮೇಲುಮಣ್ಣಿನಲ್ಲಿಯೇ ಹರಡುವಂಥದು. ಮಳೆ ಕೈಕೊಟ್ಟು ಮೇಲುಮಣ್ಣು ಒಣಗಿದಾಗ ತೊಗರಿಯು ಆಳದ ತೇವವನ್ನು ಹೀರುತ್ತದೆ. ಹಗಲಿನಲ್ಲಿ ಆ ನೀರು ಎಲೆಗಳ ಮೂಲಕ ಆವಿಯಾಗಿ ಹೋಗುತ್ತದೆ. ರಾತ್ರಿ ಎಲೆಗಳ ರಂಧ್ರಗಳು ಮುಚ್ಚಿದಾಗ, ಮೇಲೆ ಬಂದ ನೀರಿನಲ್ಲಿ ಸ್ವಲ್ಪ ಭಾಗವು ಮೇಲಿನ ಬೇರುಗಳಿಂದ ಒಣಮಣ್ಣಿಗೆ ಒಸರುತ್ತದೆ. ತೊಗರಿ ಮತ್ತು ರಾಗಿಯ ಬೇರುಗಳನ್ನು ಒಂದೇ ಮೈಕೊರೈಜದ ಜಾಲವು ಹೊಂದಿಸಿದ್ದರೆ, ಆ ತೇವದ ಪಾಲು ರಾಗಿಗೂ ಸಿಗಬಲ್ಲುದು. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಭಾರತದ ಸಂಗಡಿಗರೊಡನೆ ಕೂಡಿ ರಾಗಿ ಮತ್ತು ತೊಗರಿಯನ್ನು ಕುಂಡಗಳಲ್ಲಿ ಜೊತೆಯಾಗಿ ಬೆಳೆದು ಇದನ್ನು ಪರೀಕ್ಷಿಸಿದರು. ಉಪಕಾರಿ ಶಿಲೀಂಧ್ರ, ಬ್ಯಾಕ್ಟೀರಿಯಗಳನ್ನು ಬೆರೆಸಿದ ಕುಂಡಗಳಲ್ಲಿ ರಾಗಿಯು ಬರವನ್ನು ಮೇಲಾಗಿ ತಾಳಿಕೊಂಡಿತೆಂದು 2018ರಲ್ಲಿ ವರದಿಯಾಯಿತು. ಇದಕ್ಕೆ ಅವರು ‘ಜೈವಿಕ ನೀರಾವರಿ’ ಎಂಬ ಹೆಸರನ್ನೇ ಬಳಸಿದ್ದಾರೆ. ಕಾಲುವೆಯೂ ಇಲ್ಲ, ಪಂಪೂ ಇಲ್ಲ. ಅಕ್ಕಡಿಯ ತೊಗರಿಯೇ ಏತ ಹೊಡೆಯುತ್ತದೆ, ಕಾಣದ ಎಳೆಗಳೇ ಕಾಲುವೆಯಾಗುತ್ತವೆ.

ಕುಂಡದಲ್ಲಿ ನಡೆದದ್ದು ಹೊಲದಲ್ಲಿಯೂ ನಡೆದೀತೆಂದು ಹಾಗೆಯೇ ನಂಬುವಂತಿಲ್ಲ. ಆದುದರಿಂದ ಬೆಂಗಳೂರಿನಲ್ಲಿಯೂ ತಮಿಳುನಾಡಿನ ಕೊಲ್ಲಿಮಲೆಯಲ್ಲಿಯೂ ಹೊಲದ ಪ್ರಯೋಗಗಳು ನಡೆದವು. ತೊಗರಿಯ ಬೀಜವನ್ನು ನೇರವಾಗಿ ಬಿತ್ತುವ ಬದಲು ಸಸಿ ಬೆಳೆಸಿ ನೆಟ್ಟು, ಉಪಕಾರಿ ಸೂಕ್ಷ್ಮಜೀವಿಗಳನ್ನು ಬೆರೆಸಿದಾಗ, ರಸಗೊಬ್ಬರದ ಪ್ರಮಾಣವನ್ನು ತಗ್ಗಿಸಿಯೂ ಒಳ್ಳೆಯ ಇಳುವರಿ ಪಡೆಯಬಹುದೆಂದು ಕಂಡುಬಂದಿತು. ಆದರೆ ಎರಡು ಜಾಗಗಳಲ್ಲಿ ದೊರೆತ ಲಾಭ ಒಂದೇ ಅಳತೆಯದಾಗಿರಲಿಲ್ಲ. ಮಣ್ಣು ಬೇರೆ, ಮಳೆ ಬೇರೆ. ಆದುದರಿಂದ ಫಲವೂ ಬೇರೆ. ಒಂದು ಸೀಸೆಯಲ್ಲಿ ತುಂಬಿದ ಜೈವಿಕ ಗೊಬ್ಬರವು ಎಲ್ಲ ಹೊಲಗಳಲ್ಲಿಯೂ ಒಂದೇ ಪವಾಡ ಮಾಡುವುದೆಂದು ಹೇಳುವ ಮಾರಾಟಗಾರರ ಮಾತನ್ನು ಇದರಿಂದ ಅಳೆದು ನೋಡಬಹುದು.

ಇತ್ತ ಹಲವು ಹೊಲಗಳಲ್ಲಿ ಅಕ್ಕಡಿ ಸಾಲುಗಳು ಮಾಯವಾಗುತ್ತಿವೆ. ಕೊಯ್ಲಿನ ಯಂತ್ರವು ಹೊಲಕ್ಕೆ ಇಳಿಯಬೇಕಾದರೆ ನಡುವೆ ತೊಗರಿಯ ಗಿಡಗಳು ಇರಬಾರದು. ಆಳುಗಳು ಸಿಗದ ಕಾಲದಲ್ಲಿ ಯಂತ್ರವನ್ನು ಬೇಡವೆನ್ನುವ ಶಕ್ತಿ ರೈತನಿಗಿಲ್ಲ. ಅವನನ್ನು ದೂರುವುದು ಸುಲಭ, ಅವನ ಬದಲು ಕುಡುಗೋಲು ಹಿಡಿಯುವುದು ಕಷ್ಟ. ಈ ತೊಡಕಿಗೆ ಪರಿಹಾರ ಹುಡುಕಬೇಕಾದವರಲ್ಲಿ ಸಸ್ಯವಿಜ್ಞಾನಿಗಳಷ್ಟೇ ಅಲ್ಲ, ಯಂತ್ರ ತಯಾರಿಸುವವರೂ ಇದ್ದಾರೆ.

ಅಕ್ಕಡಿಯನ್ನು ಉಳಿಸಿಕೊಂಡ ಹೊಲಗಳಲ್ಲಿ ಮಾತ್ರ ಹಳೆಯ ಕ್ರಮ ಮುಂದುವರಿದಿದೆ. ಕಾರ್ತಿಕ ಕಳೆಯುವ ಹೊತ್ತಿಗೆ ರಾಗಿಯ ತೆನೆಗಳು ಕಂದಾಗಿ ಬಾಗುತ್ತವೆ. ಕೊಯ್ದ ಪೈರು ಅರಿಯಾಗಿ ಮಲಗಿ, ಒಣಗಿ, ಬಣವೆಗೆ ಹೋಗುತ್ತದೆ. ಕೂಳೆಗಳ ನಡುವೆ ತೊಗರಿಯ ಸಾಲು ಒಂಟಿಯಾಗಿ ನಿಂತು, ಇಬ್ಬನಿಯಲ್ಲಿ ಹಳದಿ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ರಾಗಿಯ ಬೇರುಗಳು ನೆಲದೊಳಗೆ ಕೊಳೆಯತೊಡಗಿದರೂ ಅವುಗಳಲ್ಲಿದ್ದ ಶಿಲೀಂಧ್ರದ ಎಳೆಗಳು ತೊಗರಿಯ ಬೇರನ್ನು ಹಿಡಿದು ಜೀವದಿಂದಿರುತ್ತವೆ. ತೊಗರಿಯೂ ಕೊಯ್ಲಾದ ಮೇಲೆ ಬೀಜಾಣುಗಳಾಗಿ ಮಣ್ಣಿನಲ್ಲಿ ಉಳಿದು, ಮುಂದಿನ ಮುಂಗಾರಿನಲ್ಲಿ ಮೊಳೆಯುವ ರಾಗಿಯ ಬೇರಿನ ಕರೆಗಾಗಿ ಕಾಯುತ್ತವೆ.